ಅನುಮತಿ ಬರುವ ತನಕ

ಸಂಜೆ ಆರೂವರೆ. ಕಿಟಕಿ ಮುಚ್ಚಿ ಚಿಲಕ ಹಾಕುತ್ತೇನೆ. ತೆರೆದಿಟ್ಟರೆ ಮಿಲ್ಲಿನ ಬಾಯ್ಲರ್ ಚಿಮಣಿಯ ಮಸಿ ಬಂದು ಕೀಬೋರ್ಡಿನ ಮೇಲೆ ಕೂರುತ್ತದೆ. ಬಟ್ಟೆಯ ತಾಕಾ ಹೇರಿಕೊಂಡು ಓಡುವ ಟೆಂಪೋಗಳ ಹಾರ್ನು ಫೋನಿನ ಆ ತುದಿಗೂ ಕೇಳಿಸುತ್ತದೆ. ಆ ತುದಿಯಲ್ಲಿ, ಅಮೆರಿಕದ ಪೂರ್ವ ಕರಾವಳಿಯಲ್ಲಿ, ಈಗ ಬೆಳಗಿನ ಎಂಟು. ಕ್ಲಿನಿಕ್ಕುಗಳು ಬಾಗಿಲು ತೆಗೆಯುವ ಹೊತ್ತು. ಮಾರ್ಚ್ ತಿಂಗಳಲ್ಲಿ ಅವರು ಗಡಿಯಾರ ಮುಂದೆ ತಳ್ಳಿದರೆ ನನ್ನ ಪಾಳಿ ಐದೂವರೆಗೇ ಶುರುವಾಗುತ್ತದೆ. ನವೆಂಬರಿನಲ್ಲಿ ಮತ್ತೆ ಆರೂವರೆ.

ಕೋಣೆಯ ಬಾಗಿಲೂ ಮುಚ್ಚಬೇಕು. ಮೇಜಿನ ಮೇಲೆ ಕಾಗದ, ಪೆನ್ನು, ಮೊಬೈಲು ಯಾವುದೂ ಇರಕೂಡದು. ರೋಗಿಯ ಗುಟ್ಟು ಕಾಯುವ ಅಮೆರಿಕದ ಕಾನೂನು, 1996ರ ಹಿಪಾ, ಸೂರತ್ತಿನ ಈ ಹತ್ತಡಿ ಕೋಣೆಯೊಳಗೂ ನಡೆಯುತ್ತದೆ. ಹಾಗಾಗಿ ಇಲ್ಲಿ ನಾನು ಹೇಳುವ ಕೇಸುಗಳಲ್ಲಿ ಹೆಸರು, ಊರು, ವಯಸ್ಸು ಇಲ್ಲ. ಗುರುತು ಸಿಗದಂತೆ ಬದಲಿಸಿಯೇ ಹೇಳುತ್ತೇನೆ.

ಉಧನಾ ದಾಟಿ ಸಚಿನ್ ಕಡೆಗೆ ಹೋಗುವ ದಾರಿಯಲ್ಲಿ ಪಾಂಡೇಸರಾ. ಜಿಐಡಿಸಿ ಕೈಗಾರಿಕಾ ವಸಾಹತಿನ ಡೈಯಿಂಗ್, ಪ್ರಿಂಟಿಂಗ್ ಮಿಲ್ಲುಗಳಿಗೆ ಒತ್ತಿಕೊಂಡೇ ನಮ್ಮಂಥವರ ಮನೆಗಳು. ಒಡಿಶಾದ ಗಂಜಾಂ, ಮಹಾರಾಷ್ಟ್ರದ ಖಾನ್‌ದೇಶ, ಉತ್ತರ ಪ್ರದೇಶ, ಬಿಹಾರ, ಎಲ್ಲ ಕಡೆಯವರೂ ಈ ಗಲ್ಲಿಯಲ್ಲಿದ್ದಾರೆ. ನಾವು ರಬಕವಿ-ಬನಹಟ್ಟಿ ಕಡೆಯ ನೇಕಾರರ ಮನೆಯವರು. ನನ್ನವರು ಮಿಲ್ಲಿನ ಲ್ಯಾಬಿನಲ್ಲಿ ಬಣ್ಣ ಹದ ಮಾಡುತ್ತಾರೆ. ಹನ್ನೆರಡು ತಾಸಿನ ಪಾಳಿ ಮುಗಿಸಿ ಅವರು ಬರುವಷ್ಟರಲ್ಲಿ ನನ್ನ ಕೆಲಸ ಅರ್ಧಕ್ಕೆ ಬಂದಿರುತ್ತದೆ.

ಹೆಡ್‌ಸೆಟ್ ಹಾಕುತ್ತೇನೆ. ಪಟ್ಟಿ ತೆರೆಯುತ್ತದೆ.

ಮೊದಲನೆಯದು ಸ್ಕ್ಯಾನಿನ ಸಂಕೇತ 72148. ಕಾಂಟ್ರಾಸ್ಟ್ ಇಲ್ಲದ, ಸೊಂಟದ ಭಾಗದ ಬೆನ್ನುಮೂಳೆಯ ಎಂಆರ್‌ಐ. ಪಕ್ಕದಲ್ಲಿ ಕಾಯಿಲೆಯ ಸಂಕೇತ ಎಂ54.16: ಸೊಂಟದಲ್ಲಿ ನರದ ಬೇರು ಕೆರಳಿ ಕಾಲಿನವರೆಗೆ ಇಳಿಯುವ ನೋವು. ಡಾಕ್ಟರು ಸ್ಕ್ಯಾನ್ ಬರೆದಾಗಿದೆ. ಆದರೆ ವಿಮಾ ಕಂಪನಿ ಮುಂಚಿತವಾಗಿ ಒಪ್ಪದೆ ಯಂತ್ರದೊಳಗೆ ರೋಗಿಯನ್ನು ಮಲಗಿಸುವಂತಿಲ್ಲ. ಆ ಒಪ್ಪಿಗೆ ತರುವುದೇ ನನ್ನ ಕೆಲಸ. ಪಾಲಿಸಿ ಚಾಲ್ತಿಯಲ್ಲಿದೆಯೇ ನೋಡುತ್ತೇನೆ. ಸ್ಕ್ಯಾನಿನ ಸಂಕೇತಕ್ಕೆ ಅನುಮತಿ ಬೇಕೇ ನೋಡುತ್ತೇನೆ. ಡಾಕ್ಟರ ಗುರುತಿನ ಹತ್ತಂಕಿಯ ಎನ್‌ಪಿಐ ಸಂಖ್ಯೆ ತುಂಬುತ್ತೇನೆ. ಆಮೇಲೆ ಡಾಕ್ಟರ ಟಿಪ್ಪಣಿ ಓದಲು ಕೂರುತ್ತೇನೆ. ಕೆಲಸದ ಜೀವ ಇರುವುದು ಈ ಓದಿನಲ್ಲಿ.

ಇಂಥ ಸ್ಕ್ಯಾನಿಗೆ ಸಾಮಾನ್ಯವಾಗಿ ಕೇಳುವುದು ಆರು ವಾರಗಳ ಚಿಕಿತ್ಸೆಯ ಪುರಾವೆ. ಮಾತ್ರೆ, ಫಿಸಿಯೋಥೆರಪಿ ಮಾಡಿಯೂ ನೋವು ಇಳಿಯಲಿಲ್ಲ ಎಂದು ಕಾಗದ ಹೇಳಬೇಕು. ಟಿಪ್ಪಣಿಯಲ್ಲಿ 'ಫಿಸಿಯೋಥೆರಪಿ ಆಗಿದೆ' ಎಂದಷ್ಟೇ ಇದೆ. ಯಾವಾಗಿನಿಂದ ಯಾವಾಗಿನ ತನಕ? ತಾರೀಖಿಲ್ಲ. ಹೀಗೇ ಕಳಿಸಿದರೆ ತಿರುಗಿ ಬರುವುದು ಖಂಡಿತ. ಇನ್ನೊಂದು ಪುಟ ಸರಿಸುತ್ತೇನೆ. ಕೊನೆಯ ಭೇಟಿಯ ಟಿಪ್ಪಣಿಯ ನಡುವೆ ಒಂದು ಸಾಲು: ಬಲಗಾಲಿನ ಪಾದ ಎತ್ತಲು ಆಗುತ್ತಿಲ್ಲ, ಕಳೆದ ವಾರಕ್ಕಿಂತ ಹೆಚ್ಚಾಗಿದೆ.

ಕೈ ನಿಲ್ಲುತ್ತದೆ. ನೋವಿನ ಮಾತು ಬೇರೆ, ಬಲ ಕುಂದುವ ಮಾತು ಬೇರೆ. ಬಲ ಹೋಗುತ್ತಿರುವ ಕಾಲಿಗೆ ಆರು ವಾರದ ಲೆಕ್ಕ ಹಾಕಿ ಕೂರುವಂತಿಲ್ಲ. ಆದರೆ ಅರ್ಜಿಯ ಮೇಲೆ 'ಸಾಮಾನ್ಯ' ಎಂದು ಗುರುತಾಗಿದೆ. ಅದನ್ನು ಬದಲಿಸುವ ಹಕ್ಕು ನನಗಿಲ್ಲ, ಡಾಕ್ಟರಿಗೆ ಮಾತ್ರ ಇದೆ. ಕ್ಲಿನಿಕ್ಕಿಗೆ ಫೋನ್ ಹಚ್ಚುತ್ತೇನೆ.

"ಕೊನೆಯ ಭೇಟಿಯ ಟಿಪ್ಪಣಿಯಲ್ಲಿ ಪಾದದ ಬಲ ಕಡಿಮೆಯಾಗುತ್ತಿದೆ ಎಂದಿದೆ. ಅರ್ಜಿ ಸಾಮಾನ್ಯ ಎಂದು ಬಂದಿದೆ. ತುರ್ತು ಮಾಡಬೇಕೇ? ಡಾಕ್ಟರನ್ನು ಕೇಳಿ ಹೇಳುತ್ತೀರಾ?"

"ತಡೆಯಿರಿ," ಎನ್ನುತ್ತಾಳೆ ಆ ಕಡೆಯ ನರ್ಸ್.

ತಡೆಯುತ್ತೇನೆ. ಕಿವಿಯೊಳಗೆ ಹೋಲ್ಡಿನ ಸಂಗೀತ, ಗೋಡೆಯಾಚೆ ಮಿಲ್ಲಿನ ಗುಂಯ್ ಸದ್ದು. ಆಕೆ ಮರಳಿದಾಗ ದನಿಯೇ ಬದಲಾಗಿದೆ. "ತುರ್ತು ಮಾಡಿ. ಡಾಕ್ಟರು ಈಗಲೇ ಬರೆದುಕೊಡುತ್ತಿದ್ದಾರೆ." ಪಾದ ಜೋತುಬೀಳುವುದರ ಸಂಕೇತ ಎಂ21.371 ಕೂಡ ಅರ್ಜಿಗೆ ಸೇರುತ್ತದೆ. ಮೆಡಿಕೇರ್ ಅಡ್ವಾಂಟೇಜ್‌ನಂಥ ಸರ್ಕಾರಿ ನೆರವಿನ ಯೋಜನೆಗಳಲ್ಲಿ ತುರ್ತು ಅರ್ಜಿಗೆ 72 ತಾಸಿನೊಳಗೆ ಉತ್ತರ ಕೊಡಬೇಕು. ಸಾಮಾನ್ಯ ಅರ್ಜಿಗೆ, 2026ರ ಜನವರಿ 1ರಿಂದ, 7 ದಿನ. ನಿರಾಕರಿಸಿದರೆ ಕಾರಣ ಇಂಥದ್ದೇ ಎಂದು ಬಿಡಿಸಿ ಹೇಳುವುದೂ ಆಗಿನಿಂದ ಕಡ್ಡಾಯ. ನಡುವೆ ಹೂತುಹೋಗಿದ್ದ ಒಂದು ಸಾಲು ಮೇಲೆ ಬಂದು ಏಳು ದಿನದ ದಾರಿ ಮೂರಕ್ಕೆ ಇಳಿಯಿತು. ಇದನ್ನು ಡೇಟಾ ಎಂಟ್ರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ರೋಗಿಯ ಆರೈಕೆಯ ಒಂದು ಭಾಗ.

ಬಾಗಿಲ ಮೇಲೆ ಬೆರಳಿನ ಸದ್ದು. ಪರದೆಗೆ ಬೀಗ ಹಾಕಿ ಹೊರಬರುತ್ತೇನೆ. ನನ್ನವರು ಕೈ ತೊಳೆದು ಬಂದರೂ ಉಗುರ ಸಂದಿಯಲ್ಲಿ ನೀಲಿ ಉಳಿದಿದೆ. "ಊಟ ಆತೇನು? ರೊಟ್ಟಿ ಬಿಸಿ ಮಾಡ್ಲ್ಯಾ?" ಅನ್ನುತ್ತಾರೆ. ನಿಂತಲ್ಲೇ ಎರಡು ತುತ್ತು ತಿನ್ನುವಷ್ಟರಲ್ಲಿ ಮೇಲಿನ ಮನೆಯ ಖಾನ್‌ದೇಶಿ ಹೆಂಗಸು ಮೆಟ್ಟಿಲಿಳಿದು ಬರುತ್ತಾಳೆ. ಅವಳ ಗಂಡ ಮಗ್ಗದ ಕೆಲಸದವನು. ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಗುಜರಾತಿನಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಪಿಎಂಜೆಎವೈ-ಮಾ ಕಾರ್ಡಿಗೆ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷದವರೆಗಿನ ರಕ್ಷಣೆ ಇದೆ, ಅವರ ಹತ್ತಿರ ಕಾರ್ಡೂ ಇದೆ.

"ದೀದಿ, ಮಂಜೂರಿ ಬಂದಿಲ್ಲ ಅಂತಾರೆ. ದುಡ್ಡು ಕಟ್ಟಬೇಕಾ?"

"ಕಟ್ಟಬೇಡ. ಮೊದಲು ಕಾರ್ಡಿನ ಕೌಂಟರಿನಲ್ಲಿರುವ ಆರೋಗ್ಯಮಿತ್ರನನ್ನು ಕೇಳು. ಅರ್ಜಿ ಹೋಗಿದೆಯಾ? ಎಕ್ಸ್‌ರೇ ಸೇರಿಸಿದ್ದಾರಾ? ವಾಪಸ್ ಬಂದಿದ್ದರೆ ಏನು ಕಾರಣ ಬರೆದಿದ್ದಾರೆ? ಆ ಕಾರಣವನ್ನು ಬರೆಸಿಕೊಂಡು ಬಾ."

ಅವಳು ಅಲ್ಲೇ ನಿಂತು ಭಾವನಿಗೆ ಫೋನ್ ಮಾಡಿ ಒಂದೊಂದನ್ನೂ ಹೇಳುತ್ತಾಳೆ. ಕಂಪನಿಗಳ ಪಾಲಿಸಿ ಇರುವವರಿಗೂ ನಮ್ಮ ದೇಶದಲ್ಲಿ ಇದೇ ದಾರಿ. 2024ರ ಮೇ 29ರ ಸುತ್ತೋಲೆಯಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಗಡುವು ಹಾಕಿದೆ: ನಗದುರಹಿತ ಚಿಕಿತ್ಸೆಯ ಕೋರಿಕೆಗೆ 1 ಗಂಟೆಯೊಳಗೆ ತೀರ್ಮಾನ, ಬಿಡುಗಡೆಯ ಹೊತ್ತಿನ ಕೊನೆಯ ಅನುಮತಿಗೆ 3 ಗಂಟೆ. ಗಡುವು ಗೊತ್ತಿದ್ದವರು ಮಾತ್ರ ಅದನ್ನು ಕೇಳಬಲ್ಲರು.

ಮತ್ತೆ ಕುರ್ಚಿಗೆ. ಹನ್ನೊಂದು ದಾಟಿದೆ. ನಾನು ಯಾವ ಕಂಪನಿಯ ನೌಕರಳೂ ಅಲ್ಲ, ಗುತ್ತಿಗೆಯವಳು. 2020ರ ನವೆಂಬರ್ 5ರಂದು ದೂರಸಂಪರ್ಕ ಇಲಾಖೆ ಇಂಥ ಹೊರಗುತ್ತಿಗೆ ಸೇವೆಗಳ ನಿಯಮ ಸಡಿಲಿಸಿದ ಮೇಲೆ ಮನೆಯಿಂದ ಮಾಡುವ ದಾರಿ ಸಲೀಸಾಯಿತು. ಮಗುವನ್ನು ಬಿಟ್ಟು ರಾತ್ರಿ ಹೊರಗೆ ಹೋಗಲಾಗದ ನನ್ನಂಥವಳಿಗೆ ಅದು ದೊಡ್ಡ ಮಾತು. ಆದರೆ ಮಗ್ಗದವರಿಗೆ ಮೀಟರಿಗಿಷ್ಟು ಇದ್ದ ಹಾಗೆ ನನಗೆ ಕೇಸಿಗಿಷ್ಟು. ಹೋಲ್ಡಿನಲ್ಲಿ ಕಳೆದ ಹೊತ್ತಿಗೆ ಕೂಲಿಯಿಲ್ಲ, ಪಿಎಫ್ ಇಲ್ಲ, ಇಎಸ್ಐ ಇಲ್ಲ. ಇನ್ನೊಬ್ಬರ ವಿಮೆಗೆ ರಾತ್ರಿಯಿಡೀ ಹೋರಾಡುವವಳಿಗೆ ಸ್ವಂತ ವಿಮೆ ತಾನೇ ಕೊಳ್ಳಬೇಕಾದ್ದು. ಇದು ಸರಿಯಲ್ಲ. ಕೇಸಿನ ದರ ಗೊತ್ತು ಮಾಡುವವರು ಕ್ಲಿನಿಕ್ಕಿಗೆ ಮಾಡುವ ಆ ಒಂದು ಫೋನಿನ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವಸರದಲ್ಲಿ ಓದಿದವಳಿಗೆ ಆ ಪಾದದ ಸಾಲು ಕಾಣುವುದಿಲ್ಲ.

ಎರಡರ ಹೊತ್ತಿಗೆ ಪಟ್ಟಿಯ ತಳಕ್ಕೆ ಬರುತ್ತೇನೆ. ಅಲ್ಲಿ ಹೋದ ವಾರ ನಿರಾಕರಣೆಯಾದ ಮೊಣಕಾಲಿನ ಸ್ಕ್ಯಾನು. ಕಾರಣ: ಎಕ್ಸ್‌ರೇ ವರದಿ ಇಲ್ಲ. ಹುಡುಕುತ್ತೇನೆ. ವರದಿ ಇದೆ, ಬೇರೆ ಕಡತದಲ್ಲಿ ಕೂತಿದೆ. ಅದನ್ನು ಲಗತ್ತಿಸಿ, ಯಾವ ಪುಟದ ಯಾವ ಸಾಲು ನೋಡಬೇಕು ಎಂದು ಬರೆದು ಮೇಲ್ಮನವಿ ಸಿದ್ಧಮಾಡಿ ಡಾಕ್ಟರ ಸಹಿಗೆ ಕಳಿಸುತ್ತೇನೆ. ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳ 2023ರ ಲೆಕ್ಕವನ್ನು ಅಮೆರಿಕದ ಆರೋಗ್ಯ ನೀತಿ ಅಧ್ಯಯನ ಸಂಸ್ಥೆ ಕೆಎಫ್ಎಫ್ ತೆಗೆದಿದೆ. ಹೆಚ್ಚುಕಡಿಮೆ 5 ಕೋಟಿ ಕೋರಿಕೆಗಳಲ್ಲಿ 32 ಲಕ್ಷದಷ್ಟು ನಿರಾಕರಣೆಯಾದವು. ಅವುಗಳಲ್ಲಿ ಮೇಲ್ಮನವಿ ಹೋದದ್ದು ನೂರಕ್ಕೆ 12ರಷ್ಟು ಮಾತ್ರ. ಹೋದವುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪೂರ್ತಿಯಾಗಿ ಇಲ್ಲವೇ ಭಾಗಶಃ ರೋಗಿಯ ಪರ ಬದಲಾದವು. ಅಂದರೆ ಬಹಳ ಜನ ಮೊದಲ 'ಇಲ್ಲ'ಕ್ಕೇ ಸುಮ್ಮನಾಗಿಬಿಟ್ಟರು.

ನೀವು ಹಾಗೆ ಸುಮ್ಮನಾಗಬೇಡಿ. ನಾಳೆ ನಿಮ್ಮ ತಾಯಿಗೋ ಮಗುವಿಗೋ ಮಂಜೂರಿ ಇಲ್ಲ ಎಂದರೆ ಕಾರಣವನ್ನು ಬರೆಸಿಕೊಳ್ಳಿ. ಹಳೆಯ ಚೀಟಿ, ವರದಿ, ಮಾತ್ರೆಯ ಬಿಲ್ಲು ಯಾವುದನ್ನೂ ಎಸೆಯಬೇಡಿ. ತಾರೀಖಿನ ಪ್ರಕಾರ ಜೋಡಿಸಿಡಿ. ಕಾಣೆಯಾದ ಕಾಗದ ಯಾವುದೆಂದು ಕೇಳಿ, ಅದನ್ನು ಕೊಟ್ಟು ಮತ್ತೆ ಅರ್ಜಿ ಹಾಕಿಸಿ. ಆ ಅರ್ಜಿಯನ್ನು ಎಲ್ಲೋ ಒಂದು ಕೋಣೆಯಲ್ಲಿ ಒಬ್ಬರು ಸಾಲು ಬಿಡದೆ ಓದುತ್ತಾರೆ. ಓದುವವರ ಕೈಗೆ ಪೂರ್ತಿ ಕಾಗದ ಸಿಕ್ಕರೆ ಅರ್ಧ ದಾರಿ ಸವೆದಂತೆಯೇ.