ಅಕ್ಷತೆ ಬೀಳುವ ಹೊತ್ತಿಗೆ

ಇವತ್ತು ಗುರುವಾರ. ಭೋಸರಿ ಎಂಐಡಿಸಿಗೆ ವಾರದ ರಜೆ. ಲೇತು, ಪ್ರೆಸ್ಸುಗಳು ಸುಮ್ಮನಿವೆ. ಹಾಗಾಗಿ ಇಲ್ಲಿ ಮದುವೆಯ ಮಾತುಕತೆಗಳೂ ಗುರುವಾರಕ್ಕೇ ಬೀಳುತ್ತವೆ. ನಾಸಿಕ್ ರಸ್ತೆಯ ಮೇಲ್ಸೇತುವೆಯ ಕೆಳಗೆ ರಿಕ್ಷಾ ಇಳಿದು, ತರಕಾರಿ ಗಾಡಿಗಳ ಸಂದಿಯಲ್ಲಿ ನುಸುಳಿ, ಎರಡನೇ ಮಹಡಿ ಹತ್ತಿ ಬನ್ನಿ. ಚಪ್ಪಲಿಗಳ ರಾಶಿ ನೋಡಿದರೆ ಯಾವ ಮನೆ ಎಂದು ಕೇಳಬೇಕಿಲ್ಲ.

ಚಾಪೆಯ ಒಂದು ಬದಿಗೆ ಹೆಣ್ಣಿನವರು. ಅಕ್ಕಲಕೋಟೆ ತಾಲೂಕಿನಿಂದ ಲೇತ್ ಕೆಲಸಕ್ಕೆಂದು ಬಂದು ಇಲ್ಲೇ ನಿಂತ ಕುಟುಂಬ. ಎದುರಿಗೆ ಖೇಡದಿಂದ ಬಂದ ಬೀಗರು, ಮರಾಠಿ ಮನೆತನದವರು. ಬಾಗಿಲ ಹತ್ತಿರ ಗೋಡೆಗೆ ಒರಗಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡಿರುವ ಹಿರಿಯರು ಸನಾದಿ ನುಡಿಸುವವರು. ಚೀಲದೊಳಗೆ ಸುಂದ್ರಿಯೂ ಇದೆ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ವಾದ್ಯ ಅದು. ಶಹನಾಯಿಯ ತಂಗಿಯಂತೆ ಗಿಡ್ಡ, ದನಿ ಮಾತ್ರ ಚೂಪು. ಚಹಾ ಬಂತು. ಮದುಮಗಳ ತಮ್ಮ ಮೊಬೈಲ್ ಎತ್ತಿ ಪಟ್ಟಿ ಓದಲು ಶುರುಮಾಡಿದ.

"ಎಲ್ಲಾ ಪೆನ್‌ಡ್ರೈವಿನ್ಯಾಗ ಹಾಕೀನಿ ಕಾಕಾ. ಅಕ್ಷತಾ ಬೀಳೂ ಹೊತ್ತಿಗೆ ಬಿಸ್ಮಿಲ್ಲಾ ಖಾನರ ಶಹನಾಯಿ. ಅವರಕಿಂತ ಚಲೋ ಯಾರ ನುಡಸ್ತಾರ?"

ಹುಡುಗನ ಮಾತು ಸುಳ್ಳಲ್ಲ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜ್‌ಕುಮಾರ್ ತುಟಿಗಿಟ್ಟ ವಾದ್ಯಕ್ಕೆ ಉಸಿರು ಕೊಟ್ಟವರು ಅದೇ ಖಾನ್ ಸಾಹೇಬರು. ಎಲ್ಲರ ಕಣ್ಣು ಬಾಗಿಲ ಕಡೆಗೆ ಹೊರಳುತ್ತದೆ. ಹಿರಿಯರು ಬಶಿಯಲ್ಲಿ ಉಳಿದ ಚಹಾ ಹೀರಿ, ಬಾಯಿ ಒರೆಸಿಕೊಂಡು ಕೇಳುತ್ತಾರೆ: "ಖಾನ್ ಸಾಹೇಬರು ದೊಡ್ಡವ್ರು, ಖರೆ. ಆದ್ರ ಅವರಿಗೆ ನಿಮ್ಮ ಭಟಜಿ ಕೈ ಕಾಣ್ತದೇನು ತಮ್ಮಾ?"

ನಿಮಗೂ ಆ ಕ್ಷಣ ಗೊತ್ತು. ನಡುವೆ ಅಂತರಪಟ, ಎರಡೂ ಕಡೆ ಹಾರ ಹಿಡಿದ ಕೈಗಳು. ಒಂದೊಂದು ಮಂಗಳಾಷ್ಟಕ ಮುಗಿದಾಗಲೂ ಒಂದೊಂದು ಹಿಡಿ ಅಕ್ಷತೆ. ಕೊನೆಯದು ಮುಗಿದು ಪಟ ಸರಿದ ಕೂಡಲೇ ವಾದ್ಯಗಳು ಒಮ್ಮೆಲೇ ಎದ್ದೇಳಬೇಕು. ಅರ್ಧ ಗಳಿಗೆ ಮೊದಲೂ ಅಲ್ಲ, ಆಮೇಲೂ ಅಲ್ಲ. ಮುಹೂರ್ತ 12.35 ಎಂದು ಪತ್ರಿಕೆಯಲ್ಲಿ ಅಚ್ಚಾಗಿದೆ ನಿಜ. ಆದರೆ ವರನ ಅತ್ತೆ ತಾವೇ ಕಟ್ಟಿದ ಅಷ್ಟಕವೊಂದನ್ನು ಹಾಡುವವರಿದ್ದಾರೆ. ಅದು ಎಷ್ಟು ಉದ್ದ ಎಂದು ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ.

ಮೂಲೆಯಲ್ಲಿದ್ದ ಆಯಿ ಹೂಂಗುಡುತ್ತಾಳೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಸೊಲ್ಲಾಪುರಕ್ಕೆ ಹೋಗಿ, ಸಮ್ಮತಿ ಕಟ್ಟೆಯ ಎದುರು ಜನಸಾಗರದಲ್ಲಿ ನಿಂತು ಅಕ್ಷತೆ ಹಾಕಿದವಳು. ಅಲ್ಲಿ ಕನ್ನಡದ ಸಮ್ಮತಿ ಓದುವ ದನಿಯತ್ತಲೇ ಎಲ್ಲರ ಕಿವಿ. "ಅಷ್ಟ ಮಂದಿ ಇದ್ರೂ ಒಬ್ಬರ ಕೈನೂ ತಪ್ಪಂಗಿಲ್ಲ. ಯಾಕಂದ್ರ ಎಲ್ಲಾರೂ ಕಾಯ್ತಿರ್ತಾರ."

ಪೆನ್‌ಡ್ರೈವ್ ಕಿಸೆ ಸೇರುತ್ತದೆ. ಅಕ್ಷತೆಗೆ ಸನಾದಿ, ಸಂಬಾಳ ಎಂದು ತೀರ್ಮಾನವಾಗಿ ಸಂಚಕಾರದ ನೋಟುಗಳು ಕೈ ಬದಲಿಸುತ್ತವೆ.

ಈಗ ಮೆರವಣಿಗೆ. ವರ ಮಾರುತಿ ಗುಡಿಗೆ ಹೋಗಿಬರುವಾಗ ಡಾಲ್ಬಿ ಬೇಕೇ ಬೇಕು ಎಂದು ಖೇಡದ ಹುಡುಗರ ಹಟ. ಮದುಮಗಳು ಅಡಿಗೆಮನೆಯ ಬಾಗಿಲಲ್ಲೇ ನಿಂತು ಲೆಕ್ಕ ಹೇಳುತ್ತಾಳೆ: ದಾರಿಯಲ್ಲಿ ಹೆರಿಗೆ ಆಸ್ಪತ್ರೆ ಇದೆ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಲಗಿಯನ್ನೂ ಬಡಿಯುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕವೇ ಇಲ್ಲ. ಹಗಲಿಗೂ ಪೊಲೀಸ್ ಠಾಣೆಯ ಪರವಾನಗಿ ಬೇಕು.

"ಮತ್ತ ಹಾಡಿನ ಲೈಸೆನ್ಸ್ ಅಂತ ಮಂಗಲ ಕಾರ್ಯಾಲಯದವ್ರು ಕೇಳ್ಯಾರಲ್ಲವಾ?" ಅಪ್ಪನ ಚಿಂತೆ ಅದು.

"ಬ್ಯಾಡಪ್ಪಾ. ಮದವಿಗೆ, ಮೆರವಣಿಗಿಗೆ ಕಾಪಿರೈಟ್ ಕಾಯ್ದೇದಾಗೇ ವಿನಾಯಿತಿ ಅದ." 1957ರ ಕಾಯ್ದೆಯ 52ನೇ ಕಲಮಿನಲ್ಲಿ ಆ ಮಾತಿದೆ, 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಸೂಚನೆ ಹೊರಡಿಸಿ ಅದನ್ನೇ ನೆನಪಿಸಿತು. ಅವಳ ಮೊಬೈಲು ಕೈಯಿಂದ ಕೈಗೆ ಹೋಗುತ್ತದೆ. ಖೇಡದ ಮಾಮಾ ಕನ್ನಡಕ ಏರಿಸಿ ಓದುತ್ತಾರೆ. ಹುಡುಗರು ಡಾಲ್ಬಿಯಿಂದ ಬ್ಯಾಂಜೋಕ್ಕೆ ಇಳಿದರು. ಆಸ್ಪತ್ರೆಯ ಗಡಿ ಬಂದಾಗ ಕೈಯೆತ್ತಿ ಎಲ್ಲ ನಿಲ್ಲಿಸುವ ಹೊಣೆ ಅವರ ಪೈಕಿ ಹೆಚ್ಚು ಗದ್ದಲ ಮಾಡಿದವನಿಗೇ ಬಿತ್ತು.

ಸಂಜೆಯ ಆರತಕ್ಷತೆಯ ಮಾತಿಗೆ ಮಾತ್ರ ಜಗಳವೇ ಹುಟ್ಟಲಿಲ್ಲ. ಮಾಮಾ "ಭೀಮಸೇನ ಜೋಶಿ" ಎಂದರು. ಅಪ್ಪ ಅದೇ ಹೆಸರನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದರು. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಗಾಯಕ. ಅದೇ ಗಂಟಲಲ್ಲಿ ಮರಾಠಿ ಅಭಂಗ, ಅದೇ ಗಂಟಲಲ್ಲಿ ಕನ್ನಡ ದಾಸರ ಪದ. ಒಂದಾದ ಮೇಲೆ ಒಂದು ಹಾಕಿದರೆ ಎರಡೂ ಮನೆಗೆ ಸಮ. ಇಲ್ಲಿ ಪೆನ್‌ಡ್ರೈವ್ ಸಾಕು: ಜನ ಸಾಲಾಗಿ ಬರುತ್ತಾರೆ, ಫೋಟೋ, ಊಟ, ಯಾರ ಕೈಯನ್ನೂ ಕಾಯಬೇಕಿಲ್ಲ. ದನಿ ಸಣ್ಣಗಿರಲಿ, ಸ್ಪೀಕರಿನ ಮಾರಿ ಪಂಕ್ತಿಯ ಕಡೆಗೆ ಬೇಡ ಎಂದು ಅವ್ವನ ಅಪ್ಪಣೆ. ಬಡಿಸುವವರಿಗೆ "ಸಾಕು" ಅಂದದ್ದು ಕೇಳಿಸಬೇಕಲ್ಲ.

ಪಟ್ಟಿ ಮುಗಿಯಿತೆಂದು ತಮ್ಮ ಏಳುವಷ್ಟರಲ್ಲಿ ಆಯಿ ತಡೆಯುತ್ತಾಳೆ. ಸುರಗಿ ಸುತ್ತುವಾಗಿನ ಸೋಬಾನ ಬರೆದೆ, ಬೀಗರ ಪದ ಎಲ್ಲಿ? ಹುಡುಗ ಕೂಡಲೇ ಉದಾರನಾದ: "ಒಂದ ಕಾರ್ಡ್‌ಲೆಸ್ ಮೈಕ್ ತರಸ್ತೀನಿ ಆಯಿ."

"ಮೈಕ್ ಯಾಕೋ? ಬೀಗರ ಮಾರಿ ನೋಡ್ಕೋತ ಹಾಡೂದದು. ನಕ್ರ ಇನ್ನೊಂದ ನುಡಿ ಏರಸ್ತೀವಿ, ಸಿಟ್ಟಾದ್ರ ಎರಡ."

ಮಾತು ಮರಾಠಿಗೆ ತಿರುಗಿ ಎದುರು ಚಾಪೆಗೆ ತಲುಪುತ್ತದೆ. ಖೇಡದ ಅತ್ತೆ ಸೆರಗು ಸರಿಪಡಿಸಿಕೊಂಡು, ತಮ್ಮ ಕಡೆಯವರೂ ತಯಾರಾಗೇ ಬರುತ್ತಾರೆ ಎನ್ನುತ್ತಾರೆ.