ಹಿದುಕಿದ ಅವರೆ

ನಮ್ಮ ದೊಡ್ಡಪ್ಪನವರಿಗೆ ನಡುಕ ಶುರುವಾದಾಗ ಮನೆಯಲ್ಲಿ ಯಾರೂ ಅದನ್ನು ರೋಗವೆಂದು ತಿಳಿಯಲಿಲ್ಲ. ಬಲಗೈಯ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜುತ್ತಿದ್ದುವು, ನೆನೆದ ಅವರೆಕಾಳನ್ನು ಹಿದುಕುವವರ ಹಾಗೆ. ಮುಳಬಾಗಿಲ ಕಡೆಯ ಮನೆಗಳಲ್ಲಿ ಧನುರ್ಮಾಸವೆಂದರೆ ಅದೇ ಕೆಲಸ ತಾನೆ? "ಬೇಸಗೆಯಲ್ಲೂ ಅವರೆ ಹಿದುಕುತ್ತೀರಲ್ಲ" ಎಂದು ದೊಡ್ಡಮ್ಮ ನಕ್ಕಿದ್ದರು.

ಕೋಲಾರದ ಡಾಕ್ಟರು ನಗಲಿಲ್ಲ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ಕಾಯಿಲೆ ಇದು ಎಂದರು. ನಮ್ಮ ಪಂಡಿತರು ಕಂಪವಾತವೆನ್ನುವುದು ಇಂಥದನ್ನೇ. ಅವರು ಬರೆದುಕೊಟ್ಟ ಲೆವೋಡೋಪಾ ಗುಳಿಗೆಯಿಂದ ದೊಡ್ಡಪ್ಪ ತಮ್ಮ ಪಂಚೆಯನ್ನು ತಾವೇ ಉಡುವಂತಾದರು.

ಅವರೆಕಾಲ ಬಂತು, ಗುಳಿಗೆ ಸೋತಿತು. ಶ್ರೀನಿವಾಸಪುರದಿಂದ ದೊಡ್ಡಮ್ಮನ ತಮ್ಮ ನಸುಗುನ್ನಿ ಬೀಜದ ಪುಡಿ ತಂದರು. "ಗಿಡಮೂಲಿಕೆ, ತೊಂದರೆ ಏನೂ ಇಲ್ಲ" ಎಂದರು. ಗುಳಿಗೆಯ ಜೊತೆಗೇ ಹಾಲಿನಲ್ಲಿ ಒಂದೊಂದು ಚಮಚ. ಮೊದಲ ವಾರ ನಡಿಗೆ ಚುರುಕಾಯಿತು. ಅವರನ್ನು ನಾನು ದೂರಲಾರೆ. ಎರಡು ಚಮಚವಾಗಲಿ ಎಂದವನು ನಾನೇ. ಆಮೇಲೆ ವಾಂತಿ; ಎದ್ದು ನಿಂತರೆ ತಲೆಸುತ್ತು; ನಡುಕ ಹೋಗಿ ಕತ್ತು ಭುಜಗಳು ಹಾವಿನಂತೆ ತಾವಾಗಿಯೇ ಹೊರಳತೊಡಗಿದುವು. ಹಿತ್ತಿಲಲ್ಲಿ ಬಿದ್ದರೆಂದು ಮಾಲೂರಿನಲ್ಲಿದ್ದ ನನಗೆ ಫೋನು ಬಂತು.

ಡಾಕ್ಟರು ಪುಡಿಯನ್ನು ಹಳಿಯಲಿಲ್ಲ. ನಸುಗುನ್ನಿ ಸುಳ್ಳಲ್ಲ ಎಂದರು: 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಬೇರ್ಪಡಿಸಿದ್ದು ಇದೇ ಲೆವೋಡೋಪಾವನ್ನು. ಅಂದರೆ ದೊಡ್ಡಪ್ಪ ಒಂದೇ ಮದ್ದನ್ನು ಎರಡು ಹೆಸರಿನಲ್ಲಿ ನುಂಗುತ್ತಿದ್ದರು. ಗುಳಿಗೆಗೆ ಮಿಲಿಗ್ರಾಂ ಲೆಕ್ಕವಿದೆ. ಬೀಜದಿಂದ ಬೀಜಕ್ಕೆ ಸತ್ವ ಬೇರೆ, ಚಮಚಕ್ಕೆ ಲೆಕ್ಕವೆಲ್ಲಿ? ಮೇಲಾಗಿ ಮದ್ದು ಮಿದುಳು ಮುಟ್ಟುವ ಮೊದಲೇ ವ್ಯಯವಾಗದಿರಲೆಂದು ಗುಳಿಗೆಯಲ್ಲಿ ಕಾರ್ಬಿಡೋಪಾ ಸೇರಿಸಿರುತ್ತಾರೆ. ಅದು ಪುಡಿಯ ಬಲವನ್ನೂ ಏರಿಸಿಬಿಟ್ಟಿತ್ತು.

"ಹಾಗಾದರೆ ಗುಳಿಗೆ ಸೋತದ್ದೇಕೆ?" ಎಂದೆ.

"ಗುಳಿಗೆ ಯಾವಾಗ ತಗೋತಾರೆ?"

"ಊಟವಾದ ಮೇಲೆ."

"ಏನು ಊಟ?"

ದೊಡ್ಡಮ್ಮ ಸಂಕೋಚದಿಂದ ಹೇಳಿದರು: ಮೂರು ಹೊತ್ತೂ ಅವರೆ. ಉಪ್ಪಿಟ್ಟಿಗೆ ಅವರೆ, ಮುದ್ದೆಗೆ ಹಿದುಕಿದ ಬೇಳೆಯ ಸಾರು, ಮೇಲೊಂದು ಲೋಟ ಹಾಲು. ಕಾಳಿನ, ಹಾಲಿನ ಸಸಾರಜನಕವೂ ಈ ಮದ್ದೂ ಕರುಳಿನಲ್ಲಿ ಒಂದೇ ಬಾಗಿಲಿಗೆ ನುಗ್ಗುತ್ತವಂತೆ. ಮಿದುಳಿನ ಬಾಗಿಲಲ್ಲೂ ಅದೇ ನೂಕುನುಗ್ಗಲು. ಗುಳಿಗೆ ಊಟಕ್ಕೆ ಅರ್ಧ ಗಂಟೆ ಮೊದಲು, ಅವರೆ ರಾತ್ರಿಗೆ, ಪುಡಿ ಬೇಡ, ಗುಳಿಗೆಯನ್ನು ಮಾತ್ರ ಯಾರು ಹೇಳಿದರೂ ತಟ್ಟನೆ ನಿಲ್ಲಿಸಬೇಡಿ. ಇಷ್ಟೇ ಅವರ ಚೀಟಿ.

"ಅವರೆ ಬಿಡಿ ಅನ್ನಲಿಲ್ಲವಲ್ಲ, ಪುಣ್ಯಾತ್ಮ" ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಹೇಳಿಕೊಂಡರು.

ತಮ್ಮನಿಗೆ ಮುನಿಸು ಇನ್ನೂ ಇಳಿದಿಲ್ಲ. ಮೊನ್ನೆ ಸಂಜೆ ಹೋದಾಗ ದೊಡ್ಡಪ್ಪ ಬೋಗುಣಿ ಮುಂದಿಟ್ಟುಕೊಂಡು ಕುಳಿತಿದ್ದರು. ಕೆಲವು ಕಾಳು ಬೋಗುಣಿಗೆ, ಕೆಲವು ಗೋಡೆಗೆ ಹಾರುತ್ತಿದ್ದುವು. ನಾನೂ ಕೈಹಾಕಿದೆ. ಸೇರು ಕಾಳು ಮುಗಿಯುವಷ್ಟರಲ್ಲಿ ರಾತ್ರಿ ಎಂಟಾಗಿತ್ತು.