ಸೂರಿನ ನೀರು

ಮಳೆಗಾಲದ ಕುರಿತು ಬರೆಯುವವರು ಸಾಮಾನ್ಯವಾಗಿ ಆಕಾಶವನ್ನು ನೋಡಿ ಬರೆಯುತ್ತಾರೆ. ಸೂರನ್ನು ನೋಡಿ ಬರೆದವರು ಕಡಿಮೆ. ಆದರೆ ಕೊಡಗಿನಲ್ಲಿ ಮನೆ ಕಟ್ಟಿಕೊಂಡವನಿಗೆ ಮೋಡಕ್ಕಿಂತ ಮುಖ್ಯವಾದದ್ದು ಸೂರಿನ ಕೆಳಗಿನ ದೋಣಿ, ಅದರಿಂದ ಇಳಿಯುವ ಕೊಳವೆ, ಆ ಕೊಳವೆಯ ಬಾಯಿ ಯಾವ ಕಡೆಗೆ ತಿರುಗಿದೆ ಎಂಬ ವಿಚಾರ. ಇದನ್ನು ಹಗುರವಾದ ವಿಷಯವೆಂದು ಭಾವಿಸುವ ಓದುಗರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕು.

ನಾವಿರುವ ಹಾರಂಗಿಯ ಪರಿಸರವು ಕೊಡಗಿನ ಪೂರ್ವದ ಅಂಚಿನಲ್ಲಿದೆ. ಪುಷ್ಪಗಿರಿಯ ಸಾಲಿನಲ್ಲಿ ಹುಟ್ಟುವ ಹಾರಂಗಿ ನದಿಗೆ ಹುದುಗೂರಿನ ಬಳಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1982ರಲ್ಲಿ. ಅಲ್ಲಿಂದ ಕೆಳಗೆ ಹರಿದು ಕೂಡಿಗೆಯಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಎರಡು ಹೊಳೆಗಳು ಕೂಡುವ ಊರಾದ್ದರಿಂದಲೇ ಅದಕ್ಕೆ ಆ ಹೆಸರು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನು ಮೀರಿ ಸುರಿಯುವ ಮಳೆ, ಘಟ್ಟದ ಬೆನ್ನು ದಾಟಿ ಈ ಕಡೆ ಬರುವಷ್ಟರಲ್ಲಿ ಬಹಳ ಸೊರಗಿರುತ್ತದೆ. ಈ ಕಾರಣದಿಂದಲೇ ಇಲ್ಲಿನ ಅನೇಕರು ಮೈಸೂರಿನ ಮನೆಗಳ ನಕ್ಷೆಯನ್ನು ತಂದು, ಸೂರನ್ನು ಗಿಡ್ಡ ಮಾಡಿ ಕಟ್ಟುತ್ತಾರೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿಯ ನೀರು ನುಗ್ಗಿದ್ದನ್ನು ಕಂಡ ಮೇಲೂ ಈ ಅಭ್ಯಾಸ ಬದಲಾದಂತೆ ಕಾಣಲಿಲ್ಲ.

ಹಿಂದಿನವರಿಗೆ ದೋಣಿಯ ಚಿಂತೆ ಇರಲಿಲ್ಲವೆಂದೇ ಹೇಳಬೇಕು. ಹುಲ್ಲಿನ ಮಾಡಿಗೆ ಸೂರನ್ನು ಉದ್ದವಾಗಿ ಇಳಿಬಿಡುತ್ತಿದ್ದರು. ನೀರು ಗೋಡೆಯಿಂದ ದೂರಕ್ಕೆ ಬೀಳುತ್ತಿತ್ತು. ಬೀಳುವ ಸಾಲಿನಲ್ಲಿ ಕಲ್ಲು ಹಾಸುತ್ತಿದ್ದರು. ಕೊಡವರ ಐನ್‌ಮನೆಗಳಲ್ಲಿ ನಾಲ್ಕೂ ಮಾಡುಗಳ ನೀರು ಮನೆಯ ನಡುವಿನ ಅಂಗಳಕ್ಕೆ ಬಿದ್ದು ಒಂದು ಕಂಡಿಯ ಮೂಲಕ ಹೊರಗೆ ಹೋಗುವ ವ್ಯವಸ್ಥೆಯನ್ನು ನೋಡಿದವರು ಅದರ ಜಾಣ್ಮೆಗೆ ತಲೆದೂಗಲೇಬೇಕು. ಎಲ್ಲಿ ನೀರನ್ನು ಒಂದು ಕಡೆ ತಿರುಗಿಸಬೇಕಾಗಿತ್ತೋ ಅಲ್ಲಿ ಅಡಿಕೆಯ ಅಥವಾ ಬೈನೆಯ ಮರವನ್ನು ಸೀಳಿ, ತಿರುಳು ತೆಗೆದು, ದಂಬೆ ಮಾಡಿ ಕಟ್ಟುತ್ತಿದ್ದರು. ಅದು ಎರಡು ಮೂರು ಮಳೆಗಾಲಕ್ಕೆ ಕೊಳೆಯುತ್ತಿತ್ತು; ಕೊಳೆತದ್ದು ಕಣ್ಣಿಗೆ ಕಾಣುತ್ತಿತ್ತು; ಬದಲಿಸುತ್ತಿದ್ದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಹಂಚು ಘಟ್ಟ ಹತ್ತಿ ನಮ್ಮಲ್ಲಿಗೂ ಬಂದಿತು. ಹಂಚಿನ ಹಿಂದೆ ತಗಡಿನ ದೋಣಿ ಬಂದಿತು. ತೊಂದರೆ ಆರಂಭವಾದದ್ದು ಹಂಚಿನ ಮನೆಗೆ ಹಿಂಭಾಗದಲ್ಲಿ ಕಾಂಕ್ರೀಟಿನ ಅಡುಗೆಮನೆಯನ್ನು ಸೇರಿಸುವ ಕಾಲ ಬಂದಾಗ. ಇಳಿಜಾರಿನ ಮಾಡು, ಸಮತಟ್ಟಾದ ತಾರಸಿ, ಇವೆರಡರ ನಡುವೆ ಸಿಕ್ಕಿಕೊಂಡ ಒಂದು ದೋಣಿ: ನಾನು ಕಂಡ ಸೋರುವ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸೋರುವುದು ಇದೇ ಜಾಗದಲ್ಲಿ.

ನಮ್ಮ ಪಕ್ಕದ ಮನೆಯೂ ಇದೇ ಬಗೆಯದು. ಅಲ್ಲಿರುವ ಹಿರಿಯರನ್ನು ನಾನು ಅಕ್ಕ ಎಂದೇ ಕರೆಯುವುದು. ನನಗಿಂತ ಹತ್ತು ವರ್ಷ ದೊಡ್ಡವರು, ಒಬ್ಬರೇ ಇದ್ದಾರೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಗೋಡೆ ನಾಲ್ಕೈದು ವರ್ಷಗಳಿಂದ ಒದ್ದೆಯಾಗಿ, ಬಣ್ಣ ಎದ್ದು, ಬಿಳಿಯ ಉಪ್ಪು ಹೂವಿನಂತೆ ಅರಳಿ, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು. ಅವರಿಗೆ ಉಬ್ಬಸದ ತೊಂದರೆ. ಬಂದು ನೋಡಿದ ಗಾರೆಯವರು, "ಅಣೆಕಟ್ಟಿನ ನೀರು ಕೆಳಗಿನಿಂದ ಏರುತ್ತಿದೆ, ಇದು ಜವಳು, ಏನೂ ಮಾಡಲಾಗದು" ಎಂದು ತೀರ್ಪು ಕೊಟ್ಟರು. ಗೋಡೆಗೆ ರಂಧ್ರ ಕೊರೆದು ಔಷಧ ತುಂಬುವ ಒಂದು ಸಂಸ್ಥೆಯವರು ಅರವತ್ತು ಸಾವಿರ ರೂಪಾಯಿಗಳ ಪಟ್ಟಿ ಬರೆದುಕೊಟ್ಟರು. ಮಗನಂತೂ ಮನೆಯನ್ನು ಮಾರಿ ತನ್ನ ಬಳಿಗೆ ಬಂದುಬಿಡಬೇಕೆಂದು ಹಟ ಹಿಡಿದಿದ್ದ. ತಾಯಿಯ ಆರೋಗ್ಯದ ಮೇಲಿನ ಕಾಳಜಿ ಅದು, ಅವನನ್ನು ತಪ್ಪೆನ್ನುವಂತಿರಲಿಲ್ಲ.

"ಮೇಷ್ಟ್ರೇ, ನೀವು ವಿಜ್ಞಾನ ಹೇಳಿಕೊಟ್ಟವರು. ಈ ಗೋಡೆಗೆ ಏನಾಗಿದೆ ಅಂತ ಒಂದು ಸಲ ನೋಡಿ. ಅಣೆಕಟ್ಟಿನ ನೀರೇ ಆಗಿದ್ದರೆ ಮಗನ ಮಾತು ಕೇಳಿ ಹೊರಟುಬಿಡುತ್ತೇನೆ" ಎಂದು ಅವರು ಕೇಳಿದ್ದು 2023ರ ಜೂನ್ ತಿಂಗಳಿನಲ್ಲಿ.

ನೆಲದಿಂದ ಏರುವ ತೇವಕ್ಕೆ ಒಂದು ಲಕ್ಷಣವಿದೆ. ಎಂಟನೆಯ ತರಗತಿಯ ಹುಡುಗರಿಗೆ ಲೋಮನಾಳ ಕ್ರಿಯೆಯನ್ನು ತೋರಿಸಲು ಬಳಪವನ್ನು ಮಸಿಯಲ್ಲಿ ನಿಲ್ಲಿಸುತ್ತಿದ್ದೆ. ಮಸಿ ಕೆಳಗಿನಿಂದ ಏರಿ ಒಂದು ಎತ್ತರದಲ್ಲಿ ನಿಲ್ಲುತ್ತದೆ. ಗೋಡೆಯಲ್ಲಿಯೂ ಹಾಗೆಯೇ. ಬುಡದಲ್ಲಿ ಹೆಚ್ಚು ತೇವ, ಮೇಲೆ ಹೋದಂತೆ ಕಡಿಮೆ, ಸುಮಾರು ಮೂರು ನಾಲ್ಕು ಅಡಿಗಳಿಗೆ ಮುಗಿಯುತ್ತದೆ. ಅಕ್ಕನ ಗೋಡೆಯಲ್ಲಿ ಇದು ತಲೆಕೆಳಗಾಗಿತ್ತು. ಏಳು ಅಡಿಯ ಎತ್ತರದಲ್ಲಿ ಕೈ ಇಟ್ಟರೆ ಒದ್ದೆ, ಬುಡದ ಬಳಿ ಬರಿಯ ತಂಪು. ಆದರೂ ಒಂದು ಲಕ್ಷಣವನ್ನು ನೋಡಿ ತೀರ್ಮಾನ ಹೇಳುವುದು ಮೇಷ್ಟ್ರಿಗೆ ತಕ್ಕ ಕೆಲಸವಲ್ಲ. ಒಂದು ನೋಟ್ ಪುಸ್ತಕವನ್ನು ಕೊಟ್ಟು, ನಾಲ್ಕು ಕಲಂ ಎಳೆದು, ದಿನಾಂಕ, ಮಳೆ ಬಂದ ಹೊತ್ತು, ಗೋಡೆಯ ಸ್ಥಿತಿ, ಅಣೆಕಟ್ಟಿನ ಮಟ್ಟ ಇಷ್ಟನ್ನು ಬರೆಯಬೇಕೆಂದು ಕೇಳಿಕೊಂಡೆ. ಹಾರಂಗಿಯ ನೀರಿನ ಮಟ್ಟವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಗರಿಷ್ಠ ಮಟ್ಟ 2859 ಅಡಿ ಎಂಬುದು ನಮ್ಮ ಊರಿನ ಮಕ್ಕಳಿಗೂ ಬಾಯಿಪಾಠ.

ಆ ವರ್ಷ ಮುಂಗಾರು ರಾಜ್ಯದಾದ್ಯಂತ ದುರ್ಬಲವಾಗಿತ್ತು. ರೈತರಿಗೆ ಅದು ದುಃಖದ ವರ್ಷ. ನಮ್ಮ ಪರೀಕ್ಷೆಗೆ ಮಾತ್ರ ಮಳೆಯ ನಡುವಿನ ಬಿಡುವುಗಳು ಅನುಕೂಲವಾದವು. ಅಕ್ಕ ದುಂಡಾದ ಅಕ್ಷರಗಳಲ್ಲಿ ಸೆಪ್ಟೆಂಬರಿನವರೆಗೂ ತಪ್ಪದೆ ಬರೆದರು. ಜೋರು ಮಳೆ ಬಂದ ಒಂದೆರಡು ಗಂಟೆಗಳಲ್ಲಿ ಗೋಡೆ ಕಪ್ಪಾಗುತ್ತಿತ್ತು. ಮೂರು ದಿನ ಬಿಸಿಲು ಬಂದರೆ ಮಾಸಲಾಗುತ್ತಿತ್ತು. ಜಲಾಶಯದ ಮಟ್ಟವೋ ವಾರಗಟ್ಟಲೆ ಒಂದೇ ಎತ್ತರದಲ್ಲಿ ನಿಂತಿರುತ್ತಿತ್ತು. ನಾಲ್ಕನೆಯ ಕಲಮಿಗೂ ಮೂರನೆಯದಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲದೆ ಸಣ್ಣಗೆ ದಿನವಿಡೀ ಜಿನುಗಿದ ದಿನಗಳಲ್ಲಿ ಗೋಡೆ ಸುಮ್ಮನಿತ್ತು. ಅಂದರೆ ಹಂಚು ಒಡೆದು ಸೋರುತ್ತಿಲ್ಲ, ಏನೋ ತುಂಬಿ ಚೆಲ್ಲುತ್ತಿದೆ ಎಂದಾಯಿತು. ಒಡೆದ ಹಂಚು ಸಣ್ಣ ಮಳೆಯನ್ನೂ ಬಿಡುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡಿನ ಇಳಿಜಾರನ್ನು ಅಳೆಯಬಾರದು, ಅದು ನೆಲದ ಮೇಲೆ ಮುಚ್ಚುವ ಜಾಗವನ್ನು ಅಳೆಯಬೇಕು. ಇದನ್ನು ಪದವೀಧರರೂ ಮರೆಯುತ್ತಾರೆ. ಆ ದೋಣಿಗೆ ನೀರು ಇಳಿಸುವ ಮಾಡು 30 ಅಡಿ ಉದ್ದ, 15 ಅಡಿ ಅಗಲ. ಹತ್ತಿರ ಹತ್ತಿರ 42 ಚದರ ಮೀಟರ್. ಗಂಟೆಗೆ 50 ಮಿಲಿಮೀಟರಿನ ರಭಸದಲ್ಲಿ ಸುರಿದರೆ 2100 ಲೀಟರ್, ನಿಮಿಷಕ್ಕೆ 35 ಲೀಟರ್. ಪ್ರತಿ ನಿಮಿಷಕ್ಕೂ ಎರಡು ದೊಡ್ಡ ಬಕೆಟ್ ನೀರನ್ನು ಯಾರೋ ದೋಣಿಗೆ ಸುರಿಯುತ್ತಲೇ ಇದ್ದಾರೆಂದು ಊಹಿಸಿಕೊಳ್ಳಿ. ಅದೆಲ್ಲವೂ ಎರಡೂವರೆ ಅಂಗುಲದ ಒಂದೇ ಕೊಳವೆಯಿಂದ ಇಳಿಯಬೇಕಾಗಿತ್ತು.

ಮಳೆಯಲ್ಲಿ ಏಣಿ ಹತ್ತುವುದು ಮೂರ್ಖತನ. ಪಾಚಿ ಹಿಡಿದ ಹಂಚಿನಿಂದ ಜಾರಿ ಸೊಂಟ ಮುರಿದುಕೊಂಡವರನ್ನು ನಾನು ಬಲ್ಲೆ. ಆದುದರಿಂದ 2024ರ ಏಪ್ರಿಲಿನವರೆಗೆ ಕಾದೆವು. ಕೆಳಗೆ ಏಣಿ ಹಿಡಿಯಲು ಒಬ್ಬ ಹುಡುಗ, ಮೇಲೆ ಕೆಲಸ ಬಲ್ಲ ಒಬ್ಬರು, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ನಾನು. ದೋಣಿ ಕಣ್ಣಿಗೆ ಶುದ್ಧವಾಗಿಯೇ ಇತ್ತು. ಪ್ರತಿ ವರ್ಷ ಮೇ ತಿಂಗಳಿನಲ್ಲಿ ಎಲೆ ತೆಗೆಸುತ್ತಿದ್ದರು. ಬಟ್ಟೆಗೆ ಹಾಕುವ ಉಜಾಲಾ ನೀಲಿಯನ್ನು ಬಕೆಟ್ಟಿನ ನೀರಿಗೆ ಬೆರೆಸಿ ಪೂರ್ವದ ತುದಿಯಿಂದ ಸುರಿಸಿದೆವು. ನೀಲಿ ನೀರು ಪಶ್ಚಿಮದ ಕೊಳವೆಯ ಕಡೆಗೆ ಹೋಗದೆ ನಡುವಿನಲ್ಲಿ ಕೆರೆಯಂತೆ ನಿಂತಿತು. ಅಲ್ಲಿನ ಎರಡು ಕ್ಲಾಂಪುಗಳು ಬಗ್ಗಿದ್ದವು. ಇನ್ನೂ ಸುರಿದಾಗ ಕೊಳವೆಯ ಕಡೆ ಏರಿತು, ಆದರೆ ಕೆಳಗಿನ ಬಾಯಿಯಿಂದ ಬಂದದ್ದು ನೂಲಿನಷ್ಟು. ಮುಂದೆ ನಡೆದದ್ದೇ ಮುಖ್ಯ. ತುಂಬಿದ ದೋಣಿ ಅಂಗಳದ ಕಡೆಗೆ ಚೆಲ್ಲಲಿಲ್ಲ. ಅದನ್ನು ಕೂರಿಸಿದವರು ಹಿಂದಿನ ಅಂಚನ್ನು ಮುಂದಿನದಕ್ಕಿಂತ ಅರ್ಧ ಅಂಗುಲ ತಗ್ಗಾಗಿ ಇಟ್ಟಿದ್ದರು. ಚೆಲ್ಲಿದ ನೀರೆಲ್ಲ ಗೋಡೆಯ ಕಡೆಗೆ ಇಳಿದು ತಾರಸಿ ಮತ್ತು ಗೋಡೆ ಕೂಡುವ ಬಿರುಕನ್ನು ಸೇರುತ್ತಿತ್ತು. ಮುಕ್ಕಾಲು ಗಂಟೆಯ ಬಳಿಕ ಒಳಗಿನಿಂದ ಅಕ್ಕ ಕೂಗಿದರು: "ಮೇಷ್ಟ್ರೇ, ಬನ್ನಿ ಇಲ್ಲಿ, ಗೋಡೆಗೆ ನೀಲಿ ಬಂತು!"

ಕೊಳವೆಯ ಮೇಲಿನ ಬಾಗನ್ನು ಬಿಚ್ಚಿದಾಗ ಸಿಲ್ವರ್ ಓಕ್ ಎಲೆ, ಪಾಚಿ, ಹಂಚಿನ ಚೂರು ಸೇರಿ ಗಟ್ಟಿಯಾದ ಒಂದು ಬೆಣೆ ಹೊರಬಿತ್ತು. ಕಾಫಿ ತೋಟಗಳ ನೆರಳಿಗೆಂದು ಬೆಳೆಸಿದ ಈ ಮರದ ಎಲೆ ಜರಿಗಿಡದ ಎಲೆಯಂತೆ ಸೀಳುಸೀಳಾಗಿದ್ದು, ಒಂದಕ್ಕೊಂದು ಹೆಣೆದುಕೊಂಡರೆ ಚಾಪೆಯೇ ಆಗುತ್ತದೆ. ದೋಣಿಯ ಮೇಲೆ ಜಾಲರಿ ಹಾಕಿಸಿದರೆ ಸಾಕೆಂದು ಅಂಗಡಿಯವರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಜಾಲರಿಯ ಮೇಲೆಯೇ ಚಾಪೆ ಹಾಸಿಕೊಂಡು ನೀರು ಅದರ ಮೇಲಿಂದ ಜಾರಿ ಹೋಗುತ್ತದೆ. ಮೇ ತಿಂಗಳಿನಲ್ಲಿ ಒಮ್ಮೆ, ಜೂನಿನ ಮೊದಲ ದೊಡ್ಡ ಮಳೆ ನಿಂತ ಮೇಲೆ ಇನ್ನೊಮ್ಮೆ ಕೈಯಿಂದ ತೆಗೆಸುವುದೇ ಲೇಸು. ಎರಡನೆಯದನ್ನು ಯಾರೂ ಮಾಡುವುದಿಲ್ಲ. ಮಾಡಿನ ಮೇಲಿನ ಕಸವೆಲ್ಲ ದೋಣಿಗೆ ಇಳಿಯುವುದು ಆ ಮೊದಲ ಮಳೆಗೇ.

ರಿಪೇರಿಯ ವಿವರವನ್ನು ಬೇಕಾದವರಿಗಾಗಿ ಬರೆಯುತ್ತೇನೆ. ಎರಡು ಅಡಿಗೊಂದರಂತೆ ಹೊಸ ಕ್ಲಾಂಪು ಹೊಡೆಸಿದೆವು. ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ಮಟ್ಟ ನೋಡಿ, ದಾರ ಕಟ್ಟಿ, ಮೂವತ್ತು ಅಡಿಗೆ ಎರಡು ಅಂಗುಲ ಇಳಿಜಾರು ಕೊಟ್ಟೆವು. ಕಣ್ಣಳತೆ ಇಲ್ಲಿ ನಡೆಯದು. ಹಿಂದಿನ ಅಂಚನ್ನು ಮುಂದಿನದಕ್ಕಿಂತ ಅರ್ಧ ಅಂಗುಲ ಎತ್ತರಿಸಿ, ಹಂಚಿನ ಅಡಿಯಿಂದ ಬರುವ ಒಂದು ಅಗಲವಾದ ತಗಡನ್ನು ಅದರೊಳಕ್ಕೆ ಬಾಗಿಸಿದೆವು. ಹಂಚಿನ ತುದಿಗೆ ಅಂಟಿಕೊಂಡು ಹಿಂದಕ್ಕೆ ಹರಿಯುವ ಗುಣ ನೀರಿಗೆ ಇದೆ, ಮೇಲ್ಮೈ ಎಳೆತದ ದೆಸೆಯಿಂದ. ಆ ತಗಡು ಅದನ್ನು ಹಿಡಿಯುತ್ತದೆ. ಕೊಳವೆಯನ್ನು ನಾಲ್ಕು ಅಂಗುಲದ್ದಕ್ಕೆ ಬದಲಿಸಿದೆವು. ವ್ಯಾಸ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದರೆ ಬಾಯಿಯ ವಿಸ್ತಾರ ಸುಮಾರು ಎರಡೂವರೆ ಪಟ್ಟಾಗುತ್ತದೆ ಎಂಬುದನ್ನು ಅಂಗಡಿಯಲ್ಲಿಯೇ ವಿವರಿಸಬೇಕಾಯಿತು. ಚಚ್ಚೌಕದ ಎಲ್ಬೋ ಬದಲು ಎರಡು ಸಣ್ಣ ಬಾಗು, ಕೆಳಗೆ ಬಿಚ್ಚಿ ತೊಳೆಯಲು ಒಂದು ಮುಚ್ಚಳ. ಕೊನೆಯದಾಗಿ, ದೋಣಿಯ ಮುಂದಿನ ಅಂಚಿನಲ್ಲಿ ಒಂದು ಅಂಗುಲದ ಕಚ್ಚು ಹೊಡೆಸಿದೆ. ಕೆಲಸದವರು ಆಕ್ಷೇಪಿಸಿದರು. ಮುಂದೆ ಎಂದಾದರೂ ಕಟ್ಟಿಕೊಂಡರೆ ನೀರು ಗೋಡೆಗೆ ಹೋಗದೆ ಅಂಗಳಕ್ಕೆ, ಎಲ್ಲರ ಕಣ್ಣೆದುರು, ಧುಮುಕಲಿ ಎಂಬುದು ನನ್ನ ಉದ್ದೇಶ. ಒಟ್ಟು ಖರ್ಚು ಹನ್ನೊಂದು ಸಾವಿರ ಚಿಲ್ಲರೆ.

ಕೊಳವೆಯಿಂದ ಇಳಿದ ನೀರಿನ ಮುಂದಿನ ದಾರಿಯ ಬಗ್ಗೆ ಒಂದು ಮಾತು. ತಳಪಾಯದ ಬುಡಕ್ಕೆ ಬಿಟ್ಟರೆ ಅದು ಮತ್ತೊಂದು ರೋಗ. ಹತ್ತು ಅಡಿ ದೂರಕ್ಕೆ ಕಲ್ಲಿನ ಚರಂಡಿ ಮಾಡಿ ಒಯ್ಯಬೇಕು; ಅದೂ ಬರೆಯ ನೆತ್ತಿಗೆ ಬಿಡಬಾರದು. ಗುಡ್ಡವನ್ನು ನೆಟ್ಟಗೆ ಕಡಿದು ಮಾಡಿದ ನಿವೇಶನಗಳು ಕೊಡಗಿನ ತುಂಬ ಇವೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆಗಳಲ್ಲಿ ಗುಡ್ಡಗಳೇ ಜಾರಿ ಬಂದಾಗ, ಇಳಿಜಾರನ್ನು ಕಡಿದ ಬಗೆಯ ಕುರಿತು ಭೂವಿಜ್ಞಾನಿಗಳು ಬೊಟ್ಟು ಮಾಡಿ ಹೇಳಿದರು. ಅಂತಹ ಮಹಾಕುಸಿತಕ್ಕೆ ಮನೆಯ ಕೊಳವೆಯೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ನೆನೆದ ಬರೆಯ ನೆತ್ತಿಗೆ ನಿಮಿಷಕ್ಕೆ 35 ಲೀಟರ್ ನೀರನ್ನು ನಾವೇ ಕೈಯಾರೆ ಸುರಿಯುವುದು ಯಾವ ನ್ಯಾಯ? ಅಕ್ಕನ ಮನೆಯ ಹಿಂದೆಯೂ ಎಂಟು ಅಡಿಯ ಬರೆ ಇದೆ. ಅಲ್ಲಿಗೆ ತಿರುಗಿದ್ದ ಹಳೆಯ ಕೊಳವೆಯನ್ನು ಈ ಕಡೆಗೆ ತಿರುಗಿಸಿ, ನಮ್ಮಿಬ್ಬರ ಬೇಲಿಯ ಗುಂಟ ಚರಂಡಿ ತೆಗೆಸಿ ರಸ್ತೆಯ ಮೋರಿಗೆ ಸೇರಿಸಿದೆವು. ಚರಂಡಿ ನಮ್ಮ ಜಾಗದಲ್ಲಿ ಎರಡು ಅಡಿ ಒಳಗೆ ಬಂದಿದೆ. ನೆರೆಯವರ ನೀರಿಗಾಗಿ ಜಗಳವಾಡಿ ನ್ಯಾಯಾಲಯಕ್ಕೆ ಹೋದವರ ಕಥೆಗಳನ್ನು ಕೇಳಿದ್ದೇನೆ. ಎರಡು ಅಡಿಗೆ ಅಷ್ಟೊಂದು ಬೆಲೆ ಇಲ್ಲ.

2024ರ ಜುಲೈಯಲ್ಲಿ ಮಳೆ ಹಿಂದಿನ ವರ್ಷದ ಬಾಕಿಯನ್ನೂ ತೀರಿಸುವಂತೆ ಬಂದಿತು. ಶಾಲೆಗಳಿಗೆ ರಜೆಯ ಮೇಲೆ ರಜೆ. ದೋಣಿ ಚೆಲ್ಲಲಿಲ್ಲ. ಆದರೆ ಗೋಡೆಯ ಮೇಲೆ ಬಿಳಿಯ ಉಪ್ಪು ಮೊದಲಿಗಿಂತಲೂ ಹೆಚ್ಚಾಗಿ ಅರಳಿತು. ಅಕ್ಕನ ಮುಖ ಬಾಡಿತು. ಗೋಡೆ ಒಣಗುವಾಗ ಒಳಗಿನ ನೀರು ಹೊರಬಂದು ಆರಿ ಉಪ್ಪನ್ನು ಬಿಟ್ಟುಹೋಗುತ್ತದೆ, ಇದು ಒಣಗುತ್ತಿರುವ ಗುರುತು, ಒದ್ದೆ ಬಟ್ಟೆಯಿಂದ ಒರೆಸದೆ ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ ಎಂದು ಸಮಾಧಾನ ಹೇಳಿದೆ. ಕಕ್ಕಡದ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸವನ್ನು ತಂದುಕೊಟ್ಟಾಗಲೂ ಅವರಿಗೆ ಅರ್ಧ ಅನುಮಾನವೇ ಇತ್ತು. ನೋಟ್ ಪುಸ್ತಕದಲ್ಲಿ ಬರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮಗ ಬಂದದ್ದು ಅಕ್ಟೋಬರಿನಲ್ಲಿ. ಗೋಡೆಯನ್ನು ಮುಟ್ಟಿದ, ಮೂಸಿ ನೋಡಿದ, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದ. ತಾಯಿಯನ್ನು ಹೊರಡಿಸುವ ಮಾತು ಎತ್ತಲಿಲ್ಲ. ಈ ಮನೆಯಲ್ಲಿ ಇನ್ನೂ ಒಂದೆರಡು ಮಳೆಗಾಲ ನೋಡೋಣ ಎಂದಷ್ಟೇ ಹೇಳಿದನಂತೆ. ಮಾರನೆಯ ದಿನ ಬೆಳಗ್ಗೆ ಏಣಿ ಹಾಕಿಕೊಂಡು ತಾನೇ ದೋಣಿಯೊಳಗೆ ಕೈ ಆಡಿಸುತ್ತಿದ್ದ. ಕೆಳಗೆ ಏಣಿ ಹಿಡಿದು ನಿಂತ ಅಕ್ಕ, "ನಿಧಾನ ಮಾರಾಯ, ಆ ಹಂಚು ಸಡಿಲ ಉಂಟು" ಎಂದು ಗದರುತ್ತಿದ್ದರು.